ಮರದ ತೊಗಟೆಯ ಮೇಲೊಂದು ಲಿಪಿ: ಗ್ರಾಫಿಸ್ ಜಾತಿಯ ಕಲ್ಲುಹೂವುಗಳು

(ಪುಣೆಯ ಖರಾಡಿಯಲ್ಲಿ ಕನ್ನಡ ಭಾಷಿಕರ ಮುಂದೆ ನೀಡಿದ ಉಪನ್ಯಾಸದ ಪಠ್ಯ)



ಪುಣೆ ನಗರದ ಪೂರ್ವ ಭಾಗದಲ್ಲಿ, ಮುಳಾ-ಮುಠಾ ನದಿಯ ಬದಿಯಲ್ಲಿರುವ ಖರಾಡಿ ಒಂದು ಕಾಲಕ್ಕೆ ಹೊಲಗಳ ನಡುವಿನ ಹಳ್ಳಿಯಾಗಿತ್ತು. ಇಂದು ಇಲ್ಲಿ ಮಾಹಿತಿ ತಂತ್ರಜ್ಞಾನದ ಬಹುಮಹಡಿ ಕಟ್ಟಡಗಳೂ ವಸತಿ ಸಂಕೀರ್ಣಗಳೂ ತಲೆಯೆತ್ತಿ ನಿಂತಿವೆ. ಕರ್ನಾಟಕದ ಹಲವು ಜಿಲ್ಲೆಗಳಿಂದ ಉದ್ಯೋಗಕ್ಕಾಗಿ ಬಂದ ಅನೇಕ ಕುಟುಂಬಗಳು ಪುಣೆಯನ್ನು ತಮ್ಮ ಊರನ್ನಾಗಿ ಮಾಡಿಕೊಂಡಿವೆ. ಇಂತಹ ಊರಿನಲ್ಲಿ ಕಾಡಿನ ಒಂದು ಅತಿ ಸಣ್ಣ ಜೀವಿಯ ವಿಷಯವನ್ನು ಪ್ರಸ್ತಾಪಿಸುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಆ ಜೀವಿಯ ಬಂಧುವೊಂದು ಈಗಾಗಲೇ ತಮ್ಮೆಲ್ಲರ ಅಡುಗೆಮನೆಯಲ್ಲಿ ಸ್ಥಾನ ಪಡೆದಿದೆ. ಪುಣೆಯ ಗೋಡಾ ಮಸಾಲೆಗೂ ಉತ್ತರ ಕರ್ನಾಟಕದ ಮಸಾಲೆ ಖಾರಕ್ಕೂ ವಿಶಿಷ್ಟ ಪರಿಮಳ ಕೊಡುವ, ಒಂದು ಬದಿ ಬೂದು, ಇನ್ನೊಂದು ಬದಿ ಕಪ್ಪಾಗಿರುವ ಒಣ ಎಲೆಯಂತಹ ವಸ್ತುವನ್ನು ಮರಾಠಿಯಲ್ಲಿ ‘ದಗಡಫೂಲ’ ಎಂದೂ ಕನ್ನಡದಲ್ಲಿ ‘ಕಲ್ಲುಹೂವು’ ಎಂದೂ ಕರೆಯುತ್ತಾರೆ. ಎರಡು ಭಾಷೆಗಳೂ ಒಂದೇ ಅರ್ಥದ ಹೆಸರನ್ನು ಕೊಟ್ಟಿವೆ. ಎರಡೂ ಹೆಸರುಗಳಲ್ಲಿ ಹೂವು ಇದೆ. ವಸ್ತುತಃ ಅದು ಹೂವಲ್ಲ, ಗಿಡವೂ ಅಲ್ಲ.

ಇಂದಿನ ಉಪನ್ಯಾಸದ ವಿಷಯ ಮಸಾಲೆಯ ಕಲ್ಲುಹೂವಲ್ಲ. ಅದರ ಬಂಧುಬಳಗದಲ್ಲಿ ಯಾರ ಕಣ್ಣಿಗೂ ಬೀಳದೆ, ಯಾವ ಅಂಗಡಿಗೂ ಬಾರದೆ, ಮರದ ತೊಗಟೆಗೆ ಬಳಿದ ತೆಳುವಾದ ಸುಣ್ಣದಂತೆ ಅಂಟಿಕೊಂಡಿರುವ ‘ಗ್ರಾಫಿಸ್’ ಎಂಬ ಜಾತಿಯೇ ಇಲ್ಲಿನ ವಿಷಯ. ಉಷ್ಣವಲಯದ ಮಳೆಕಾಡುಗಳಲ್ಲಿ ಸಮೃದ್ಧವಾಗಿ ಬೆಳೆಯುವ ಈ ಜಾತಿಯ ಪ್ರಭೇದಗಳು ಪಶ್ಚಿಮ ಘಟ್ಟಗಳಲ್ಲಿ ಮಹಾರಾಷ್ಟ್ರದಿಂದ ಕೇರಳದವರೆಗೆ ಹರಡಿವೆ. ಮಲೆನಾಡಿನ ಅಥವಾ ಕರಾವಳಿಯ ಅಡಿಕೆ ತೋಟದಲ್ಲಿ ಓಡಾಡಿದವರು ಇಂತಹ ಕಲ್ಲುಹೂವುಗಳನ್ನು ನೂರಾರು ಬಾರಿ ನೋಡಿರುತ್ತಾರೆ; ಆದರೆ ಅವು ಜೀವಿಗಳೆಂದು ಅರಿತಿರಲಾರರು.

ಕಲ್ಲುಹೂವು ಎಂದರೇನು?

ಕಲ್ಲುಹೂವು ಒಂದೇ ಜೀವಿಯಲ್ಲ. ಅದು ಒಂದು ಸಂಸಾರ. ಶಿಲೀಂಧ್ರವೊಂದು ತನ್ನ ಎಳೆಗಳ ಹೆಣಿಗೆಯಲ್ಲಿ ಪಾಚಿಯ ಕೋಶಗಳನ್ನು ಇರಿಸಿಕೊಂಡು ಬಾಳುತ್ತದೆ. ಶಿಲೀಂಧ್ರಕ್ಕೆ ಹರಿತ್ತು ಇಲ್ಲದ ಕಾರಣ ಅದು ಸ್ವಂತ ಆಹಾರವನ್ನು ತಯಾರಿಸಲಾರದು. ಪಾಚಿ ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿ ಅದರ ಒಂದು ಭಾಗವನ್ನು ಶಿಲೀಂಧ್ರಕ್ಕೆ ಒದಗಿಸುತ್ತದೆ. ಪ್ರತಿಯಾಗಿ ಶಿಲೀಂಧ್ರವು ಪಾಚಿಗೆ ನೆಲೆಯನ್ನು ಕೊಡುತ್ತದೆ, ತೇವವನ್ನು ಹಿಡಿದಿಡುತ್ತದೆ, ಬಿಸಿಲಿನ ಝಳದಿಂದ ರಕ್ಷಿಸುತ್ತದೆ. ಕೆಲವು ಕಲ್ಲುಹೂವುಗಳಲ್ಲಿ ಪಾಚಿಯ ಸ್ಥಾನವನ್ನು ನೀಲಿ-ಹಸಿರು ಬ್ಯಾಕ್ಟೀರಿಯಾಗಳು ತುಂಬುತ್ತವೆ.

ಈ ಸತ್ಯವನ್ನು ಜಗತ್ತಿಗೆ ಮೊದಲು ಸ್ಪಷ್ಟವಾಗಿ ಸಾರಿದವನು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್. 1867ರಲ್ಲಿ ಆತ ಕಲ್ಲುಹೂವು ಎರಡು ಜೀವಿಗಳ ಕೂಟವೆಂದು ಹೇಳಿದಾಗ ಆ ಕಾಲದ ಪ್ರಮುಖ ಕಲ್ಲುಹೂವು ತಜ್ಞರಲ್ಲಿ ಅನೇಕರು ಒಪ್ಪಲಿಲ್ಲ. ತಾವು ಜೀವಮಾನವೆಲ್ಲ ಅಭ್ಯಾಸ ಮಾಡಿದ ಜೀವಿ ಒಂದು ಜೀವಿಯೇ ಅಲ್ಲವೆಂಬ ಮಾತು ಅವರಿಗೆ ಅಸಹನೀಯವಾಯಿತು. ಕಾಲಕ್ರಮದಲ್ಲಿ ಶ್ವೆಂಡನರನ ವಾದವೇ ನಿಂತಿತು. ವಿಜ್ಞಾನ ಅಲ್ಲಿಗೂ ನಿಲ್ಲಲಿಲ್ಲ. 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕೆಲವು ಕಲ್ಲುಹೂವುಗಳ ಹೊರಪದರದಲ್ಲಿ ಯೀಸ್ಟ್ ವರ್ಗದ ಇನ್ನೊಂದು ಶಿಲೀಂಧ್ರವೂ ನೆಲೆಸಿರುವುದನ್ನು ತೋರಿಸಿತು. ಇಬ್ಬರ ಸಂಸಾರವೆಂದು ತಿಳಿದದ್ದು ಕೆಲವೆಡೆ ಕೂಡುಕುಟುಂಬವಾಗಿ ಕಂಡುಬಂದಿದೆ.

ಜಗತ್ತಿನಲ್ಲಿ ಸುಮಾರು 20,000 ಬಗೆಯ ಕಲ್ಲುಹೂವುಗಳಿವೆಯೆಂದು ಅಂದಾಜು. ಭಾರತದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿವೆ. ಇವುಗಳನ್ನು ಹೊರರೂಪದ ಆಧಾರದ ಮೇಲೆ ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಮಸಾಲೆಯ ಕಲ್ಲುಹೂವಿನಂತೆ ಎಲೆಯಾಕಾರದವು ಮೊದಲನೆಯ ಬಗೆ. ಗಡ್ಡದಂತೆ ಜೋತಾಡುವ ಅಥವಾ ಪುಟ್ಟ ಪೊದೆಯಂತೆ ಕವಲೊಡೆಯುವವು ಎರಡನೆಯ ಬಗೆ. ಗಾಯದ ಮೇಲಿನ ಹಕ್ಕಳೆಯಂತೆ ತಳಕ್ಕೆ ಅಂಟಿ ಹರಡುವವು ಮೂರನೆಯ ಬಗೆ. ಈ ಮೂರನೆಯ ಬಗೆಯನ್ನು ಹಕ್ಕಳೆ ಕಲ್ಲುಹೂವುಗಳೆಂದು ಕರೆಯಬಹುದು. ಗ್ರಾಫಿಸ್ ಈ ವರ್ಗಕ್ಕೆ ಸೇರಿದೆ.

ಎಲೆಯಾಕಾರದ ಕಲ್ಲುಹೂವಿಗೆ ಮೇಲೂ ಕೆಳಗೂ ಪದರಗಳಿರುತ್ತವೆ. ಉಗುರಿನಿಂದ ಮೀಟಿದರೆ ಎದ್ದು ಬರುತ್ತದೆ. ಹಕ್ಕಳೆ ಕಲ್ಲುಹೂವಿಗೆ ಕೆಳಪದರವೇ ಇಲ್ಲ. ಅದರ ಎಳೆಗಳು ನೇರವಾಗಿ ತೊಗಟೆಯ ಹೊರಪದರಗಳ ನಡುವೆ ಇಳಿದಿರುತ್ತವೆ. ಅದನ್ನು ತೊಗಟೆಯಿಂದ ಬೇರ್ಪಡಿಸಿ ತೆಗೆಯಲು ಸಾಧ್ಯವಿಲ್ಲ. ಅಧ್ಯಯನಕ್ಕೆ ಬೇಕೆಂದರೂ ತೊಗಟೆಯ ಚೂರಿನೊಡನೆಯೇ ತೆಗೆಯಬೇಕು. ಈ ಒಂದು ಅಂಶವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಉಪನ್ಯಾಸದ ಕೊನೆಯಲ್ಲಿ ಇದರ ಅಗತ್ಯ ಬೀಳುತ್ತದೆ.

ಹೆಸರಿನ ಹಿನ್ನೆಲೆ

‘ಗ್ರಾಫಿಸ್’ ಎಂಬ ಹೆಸರಿನ ಮೂಲ ಗ್ರೀಕ್ ಭಾಷೆಯಲ್ಲಿದೆ. ‘ಬರೆ’ ಎಂಬ ಅರ್ಥದ ಧಾತು ಅದು. ನಮಗೆ ಪರಿಚಿತವಾದ ‘ಗ್ರಾಫ್’, ‘ಫೋಟೋಗ್ರಾಫ್’, ‘ಟೆಲಿಗ್ರಾಫ್’ ಎಂಬ ಮಾತುಗಳೂ ಅದೇ ಬೇರಿನಿಂದ ಹುಟ್ಟಿದವು. ಬಿಳಿಯ ಅಥವಾ ತಿಳಿಬೂದು ಬಣ್ಣದ ಹಕ್ಕಳೆಯ ಮೇಲೆ ಕಪ್ಪು ಗೀರುಗಳು ಹರಡಿರುವುದೇ ಈ ಹೆಸರಿಗೆ ಕಾರಣ. ಕೆಲವು ಗೀರುಗಳು ನೇರವಾಗಿರುತ್ತವೆ, ಕೆಲವು ಬಾಗಿ ಬಳುಕುತ್ತವೆ, ಕೆಲವು ಕವಲೊಡೆದು ನಕ್ಷತ್ರದಂತೆ ಚಾಚಿಕೊಳ್ಳುತ್ತವೆ. ದೂರದಿಂದ ನೋಡಿದರೆ ಯಾರೋ ಲೆಕ್ಕಣಿಕೆಯಿಂದ ಬರೆದು ಮುಗಿಸಿ ಹೋದಂತೆ ತೋರುತ್ತದೆ. ಪುಣೆಯ ಹಳೆಯ ದಫ್ತರಗಳಲ್ಲಿರುವ ಮೋಡಿ ಲಿಪಿಯ ಕಾಗದಗಳನ್ನು ನೋಡಿದವರಿಗೆ ಈ ಹೋಲಿಕೆ ಕೂಡಲೇ ಹೊಳೆಯುತ್ತದೆ.

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಸಸ್ಯಗ್ರಂಥದಲ್ಲಿ ಯೂರೋಪಿನ ಇಂತಹದೊಂದು ಕಲ್ಲುಹೂವನ್ನು ‘ಲೈಕೆನ್ ಸ್ಕ್ರಿಪ್ಟಸ್’, ಅಂದರೆ ‘ಬರೆಯಲ್ಪಟ್ಟ ಕಲ್ಲುಹೂವು’ ಎಂದು ಹೆಸರಿಸಿದನು. 1763ರಲ್ಲಿ ಫ್ರಾನ್ಸಿನ ಮಿಶೆಲ್ ಅಡಾನ್ಸನ್ ‘ಗ್ರಾಫಿಸ್’ ಎಂಬ ಜಾತಿನಾಮವನ್ನು ಕೊಟ್ಟನು. ಲಿನೇಯಸನ ಶಿಷ್ಯನೂ ವೃತ್ತಿಯಿಂದ ವೈದ್ಯನೂ ಆಗಿದ್ದ ಎರಿಕ್ ಅಕೇರಿಯಸ್ (1757–1819) ಕಲ್ಲುಹೂವುಗಳ ಅಧ್ಯಯನವನ್ನು ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಸಿದನು. ಲಿನೇಯಸನು ಎಲ್ಲ ಕಲ್ಲುಹೂವುಗಳನ್ನೂ ಬಹುಮಟ್ಟಿಗೆ ಒಂದೇ ಜಾತಿಯಲ್ಲಿ ತುಂಬಿದ್ದನು. ಅಕೇರಿಯಸನು ಅವುಗಳನ್ನು ಅನೇಕ ಜಾತಿಗಳಾಗಿ ವಿಂಗಡಿಸಿದನು. ಇಂದು ಯೂರೋಪಿನ ಆ ಮೊದಲ ಪ್ರಭೇದದ ಹೆಸರು ‘ಗ್ರಾಫಿಸ್ ಸ್ಕ್ರಿಪ್ಟಾ’. ಅಕ್ಷರ ಬರೆಯುವ ಜಾತಿಯ ಮೊದಲ ಪ್ರಭೇದ ತಂಪು ದೇಶದಲ್ಲಿ ಹೆಸರು ಪಡೆದರೂ ಜಾತಿಯ ನಿಜವಾದ ತವರು ಉಷ್ಣವಲಯವೇ ಆಗಿದೆ.

ಲಿಪಿಯ ಒಳಗೆ ಏನಿದೆ?

ಈ ಕಪ್ಪು ಗೀರುಗಳು ಅಲಂಕಾರವಲ್ಲ. ಅವು ಶಿಲೀಂಧ್ರದ ಫಲಕಾಯಗಳು, ಅಂದರೆ ಸಂತಾನೋತ್ಪತ್ತಿಯ ಅಂಗಗಳು. ಬಹುತೇಕ ಕಲ್ಲುಹೂವುಗಳ ಫಲಕಾಯ ಪುಟ್ಟ ತಟ್ಟೆಯಂತೆ ಗುಂಡಾಗಿರುತ್ತದೆ. ಗ್ರಾಫಿಸ್‌ನಲ್ಲಿ ಆ ತಟ್ಟೆ ಉದ್ದಕ್ಕೆ ಎಳೆದಂತೆ ನೀಳವಾಗಿದೆ. ವಿಜ್ಞಾನಿಗಳು ಇದನ್ನು ‘ಲಿರೆಲಾ’ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ನೇಗಿಲಿನ ಸಾಲಿಗೆ ಸಂಬಂಧಿಸಿದ ಪದದಿಂದ ಈ ಮಾತು ಬಂದಿದೆ. ಒಂದು ಗೀರು ಸಾಮಾನ್ಯವಾಗಿ ಕೆಲವೇ ಮಿಲಿಮೀಟರು ಉದ್ದವಿರುತ್ತದೆ. ಅಗಲ ಬಹುಮಟ್ಟಿಗೆ ಅರ್ಧ ಮಿಲಿಮೀಟರಿಗೂ ಕಡಿಮೆ.

ಗೀರಿನ ಎರಡು ಅಂಚುಗಳು ತುಟಿಗಳಂತೆ ಎದ್ದು ನಿಂತಿರುತ್ತವೆ. ಇವು ಇದ್ದಲಿನಷ್ಟು ಕಪ್ಪಾಗಿ, ಗಡುಸಾಗಿರುತ್ತವೆ. ಎರಡು ತುಟಿಗಳ ನಡುವಿನ ಕಿರಿದಾದ ಸೀಳಿನ ಕೆಳಗೆ ಸೂಕ್ಷ್ಮವಾದ ಚೀಲಗಳಿದ್ದು, ಒಂದೊಂದು ಚೀಲದಲ್ಲಿ ಸಾಮಾನ್ಯವಾಗಿ ಎಂಟು ಬೀಜಾಣುಗಳು ಇರುತ್ತವೆ. ಸೀಳು ಕಿರಿದಾಗಿರುವುದರಿಂದ ಒಳಗಿನ ಮೃದುವಾದ ಭಾಗ ಬಿಸಿಲಿಗೆ ಬೇಗ ಒಣಗುವುದಿಲ್ಲ. ಕೆಲವು ಪ್ರಭೇದಗಳಲ್ಲಿ ತುಟಿಗಳ ಮೇಲೆ ಉದ್ದುದ್ದ ಗೆರೆಗಳು ಮೂಡಿರುತ್ತವೆ. ವರ್ಷ ಕಳೆದಂತೆ ಹಳೆಯ ತುಟಿಯ ಒಳಬದಿಯಲ್ಲಿ ಹೊಸ ತುಟಿ ಹುಟ್ಟುವುದೇ ಇದಕ್ಕೆ ಕಾರಣ.

ಮಳೆಯ ತೇವ ತಾಗಿದಾಗ ಚೀಲಗಳು ಉಬ್ಬಿ ಬೀಜಾಣುಗಳನ್ನು ಹೊರಕ್ಕೆ ಚಿಮ್ಮುತ್ತವೆ. ಗಾಳಿಯಲ್ಲಿ ತೇಲಿಹೋದ ಬೀಜಾಣು ಇನ್ನೊಂದು ಮರದ ತೊಗಟೆಯ ಮೇಲೆ ಇಳಿಯಬಹುದು. ಆದರೆ ಇಲ್ಲೊಂದು ತೊಡಕಿದೆ. ಬೀಜಾಣುವಿನಲ್ಲಿರುವುದು ಶಿಲೀಂಧ್ರ ಮಾತ್ರ. ಪಾಚಿ ಅದರ ಜೊತೆಗೆ ಹೋಗುವುದಿಲ್ಲ. ಮೊಳಕೆಯೊಡೆದ ಎಳೆಗೆ ಸಕಾಲದಲ್ಲಿ ತಕ್ಕ ಪಾಚಿಯ ಸಂಗ ದೊರೆಯದಿದ್ದರೆ ಅದು ಹಸಿವಿನಿಂದ ಸಾಯುತ್ತದೆ. ಹಲವು ಕಲ್ಲುಹೂವುಗಳು ಪಾಚಿ ಮತ್ತು ಶಿಲೀಂಧ್ರಗಳೆರಡನ್ನೂ ಒಳಗೊಂಡ ಪುಡಿಯನ್ನು ಉದುರಿಸಿ ಈ ಕಷ್ಟದಿಂದ ಪಾರಾಗುತ್ತವೆ. ಗ್ರಾಫಿಸ್‌ನ ಬಹುಪಾಲು ಪ್ರಭೇದಗಳಿಗೆ ಆ ಉಪಾಯವಿಲ್ಲ. ಪ್ರತಿಯೊಂದು ಪೀಳಿಗೆಯೂ ತನ್ನ ಸಂಗಾತಿಯನ್ನು ಹೊಸದಾಗಿ ಹುಡುಕಬೇಕು. ತೊಗಟೆಯ ಮೇಲೆ ಕಾಣುವ ಒಂದೊಂದು ಹಕ್ಕಳೆಯೂ ಇಂತಹ ಆಕಸ್ಮಿಕ ಭೇಟಿಯೊಂದರ ಫಲವಾಗಿದೆ.

ಸಂಗಾತಿಯಾದ ಪಾಚಿ

ಆ ಸಂಗಾತಿಯ ಹೆಸರು ‘ಟ್ರೆಂಟೆಪೋಲಿಯಾ’. ವರ್ಗೀಕರಣದ ಪ್ರಕಾರ ಇದು ಹಸಿರು ಪಾಚಿಗಳ ಗುಂಪಿಗೆ ಸೇರಿದೆ. ಆದರೆ ಕಣ್ಣಿಗೆ ಕೇಸರಿಯಾಗಿ ಕಾಣುತ್ತದೆ. ಗಜ್ಜರಿಗೆ ಬಣ್ಣ ಕೊಡುವ ವರ್ಗದ ವರ್ಣದ್ರವ್ಯಗಳು ಇದರ ಕೋಶಗಳಲ್ಲಿ ತುಂಬಿಕೊಂಡು ಹರಿತ್ತನ್ನು ಮರೆಮಾಡುತ್ತವೆ. ಈ ಪಾಚಿ ಸ್ವತಂತ್ರವಾಗಿಯೂ ಬದುಕಬಲ್ಲದು. ಮಲೆನಾಡು, ಕೊಡಗು, ಕಾಸರಗೋಡು ಮುಂತಾದ ಕಡೆಗಳಲ್ಲಿ ಮಳೆಗಾಲ ಮುಗಿಯುವ ವೇಳೆಗೆ ಹಳೆಯ ಗೋಡೆಗಳ ಮೇಲೂ ಮರದ ಕಾಂಡಗಳ ಮೇಲೂ ಕಾವಿ ಬಳಿದಂತೆ ಮೂಡುವ ಮೃದುವಾದ ಮಖಮಲ್ಲಿನಂತಹ ಲೇಪವನ್ನು ಅನೇಕರು ನೋಡಿರಬಹುದು. ಅದು ಬಹುಮಟ್ಟಿಗೆ ಈ ಪಾಚಿಯೇ. ಗ್ರಾಫಿಸ್ ಹಕ್ಕಳೆಯನ್ನು ಉಗುರಿನಿಂದ ಹಗುರವಾಗಿ ಗೀರಿದರೆ ಒಳಗೆ ಹಳದಿ-ಹಸಿರು ಅಥವಾ ಕೇಸರಿ ಛಾಯೆ ಕಾಣಿಸುವುದಕ್ಕೂ ಅದೇ ಕಾರಣ.

ಟ್ರೆಂಟೆಪೋಲಿಯಾಕ್ಕೆ ಬೆಚ್ಚಗಿನ, ತೇವದಿಂದ ಕೂಡಿದ ಗಾಳಿ ಬೇಕು. ಅದರ ಸಂಗಾತಿಯಾದ ಗ್ರಾಫಿಸ್ ಉಷ್ಣವಲಯದಲ್ಲಿ ಇಷ್ಟು ವಿಪುಲವಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ. ಪುಣೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಈ ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆಯಾಗುತ್ತದೆ. ಇಲ್ಲಿಂದ ಸುಮಾರು 120 ಕಿ.ಮೀ. ದೂರದ ಮಹಾಬಲೇಶ್ವರದಲ್ಲಿ 5,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಖರಾಡಿಯ ಒಣ ಬಯಲಿನ ಮರಗಳಿಗೂ ಮಹಾಬಲೇಶ್ವರದ ಮಂಜು ಮುಸುಕಿದ ಮರಗಳಿಗೂ ಕಲ್ಲುಹೂವುಗಳ ವಿಷಯದಲ್ಲಿ ಅಜಗಜಾಂತರವಿದೆ. ಬಸ್ಸಿನಲ್ಲಿ ಅರ್ಧ ದಿನದೊಳಗೆ ಮುಗಿಯುವ ಪ್ರಯಾಣದಲ್ಲಿ ಎರಡು ಲೋಕಗಳನ್ನು ಕಾಣಬಹುದು. ಆ ಕಾಡುಗಳಲ್ಲಿಯೂ ಗ್ರಾಫಿಸ್ ನಯವಾದ ತೊಗಟೆಯ ಮರಗಳನ್ನೇ ಹೆಚ್ಚಾಗಿ ಆಯ್ದುಕೊಳ್ಳುತ್ತದೆ. ತೊಗಟೆಯನ್ನು ಚಕ್ಕೆಚಕ್ಕೆಯಾಗಿ ಉದುರಿಸುವ ಮರದ ಮೇಲೆ ನಿಧಾನವಾಗಿ ಬೆಳೆಯುವ ಹಕ್ಕಳೆಗೆ ನೆಲೆ ದೊರೆಯುವುದು ಕಷ್ಟ.

ಗುರುತಿಸುವ ಬಗೆ

ಕಪ್ಪು ಗೀರು ಕಂಡ ಮಾತ್ರಕ್ಕೆ ಅದು ಗ್ರಾಫಿಸ್ ಎನ್ನಲಾಗದು. ಲಿಪಿಯಂತೆ ಕಾಣುವ ಕಲ್ಲುಹೂವುಗಳ ಜಾತಿಗಳು ಹಲವಾರಿವೆ. ಅಕ್ಷರ ಒಂದೇ ತೆರನಾಗಿದ್ದರೂ ಭಾಷೆ ಬೇರೆಯಾಗಿರುವಂತೆ ಇಲ್ಲಿಯೂ ಒಳಹೊಕ್ಕು ನೋಡಬೇಕು. ತಜ್ಞರು ಮೊದಲು ಕೈಮಸೂರದಿಂದ ಗೀರುಗಳ ಆಕಾರ, ಕವಲು, ತುಟಿಗಳ ಮೇಲಿನ ಗೆರೆಗಳನ್ನು ಪರೀಕ್ಷಿಸುತ್ತಾರೆ. ಬಳಿಕ ಗೀರನ್ನು ಅಡ್ಡಲಾಗಿ, ಕೂದಲಿನಷ್ಟು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಇದ್ದಲಿನಂತಹ ಕಪ್ಪು ಗೋಡೆ ಬದಿಗಳಲ್ಲಿ ಮಾತ್ರ ಇದೆಯೇ, ತಳವನ್ನೂ ಸುತ್ತುವರಿದಿದೆಯೇ ಎಂಬುದನ್ನು ಆಗ ತಿಳಿಯಬಹುದು.

ಬೀಜಾಣುಗಳ ಪರೀಕ್ಷೆ ಮುಂದಿನ ಹಂತ. ಗ್ರಾಫಿಸ್‌ನ ಬೀಜಾಣುಗಳಿಗೆ ಬಣ್ಣವಿಲ್ಲ. ಒಳಗೆ ಅಡ್ಡಗೋಡೆಗಳಿದ್ದು, ಅವುಗಳ ನಡುವಿನ ಕೋಣೆಗಳು ಮಸೂರದ ಆಕಾರದಲ್ಲಿರುತ್ತವೆ. ಕೆಲವು ಪ್ರಭೇದಗಳಲ್ಲಿ ಅಡ್ಡಗೋಡೆಗಳ ಜೊತೆಗೆ ಉದ್ದಗೋಡೆಗಳೂ ಇದ್ದು ಬೀಜಾಣು ಇಟ್ಟಿಗೆಯ ಕಟ್ಟಡದಂತೆ ಕಾಣುತ್ತದೆ. ಅಯೋಡಿನ್ ದ್ರಾವಣ ಸೋಕಿಸಿದಾಗ ಬಹುತೇಕ ಪ್ರಭೇದಗಳ ಬೀಜಾಣುಗಳು ನೀಲಿ-ನೇರಳೆ ಬಣ್ಣಕ್ಕೆ ತಿರುಗುತ್ತವೆ.

ರಾಸಾಯನಿಕ ಪರೀಕ್ಷೆಯೂ ಇದೆ. ಕಲ್ಲುಹೂವುಗಳು ಬೇರೆ ಜೀವಿಗಳಲ್ಲಿ ಅಪರೂಪವಾದ ಅನೇಕ ಆಮ್ಲಗಳನ್ನು ತಯಾರಿಸುತ್ತವೆ. ಗ್ರಾಫಿಸ್‌ನ ಹಲವು ಪ್ರಭೇದಗಳಲ್ಲಿ ‘ನಾರ್‌ಸ್ಟಿಕ್ಟಿಕ್ ಆಮ್ಲ’ ಇರುತ್ತದೆ. ಹಕ್ಕಳೆಯ ತೆಳು ಚೂರಿಗೆ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದ ಒಂದು ತೊಟ್ಟು ಹಾಕಿದರೆ ಅದು ಮೊದಲು ಹಳದಿಯಾಗಿ, ಅನಂತರ ಕೆಂಪಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಸೂಜಿಯಂತಹ ಕೆಂಪು ಹರಳುಗಳು ಕಾಣಿಸುತ್ತವೆ. ಒಂದು ಹನಿ ದ್ರಾವಣದಿಂದ ಕಲ್ಲುಹೂವನ್ನು ಗುರುತಿಸುವ ಈ ಪದ್ಧತಿಯನ್ನು 1866ರಲ್ಲಿ ರೂಢಿಗೆ ತಂದವನು ಫಿನ್‌ಲೆಂಡ್ ಮೂಲದ ವಿಲಿಯಂ ನೈಲಾಂಡರ್. ಕಲ್ಲುಹೂವು ಎರಡು ಜೀವಿಗಳ ಕೂಟವೆಂಬ ವಾದವನ್ನು ಕೊನೆಯವರೆಗೂ ಒಪ್ಪದಿದ್ದವರಲ್ಲಿ ಈತನೂ ಒಬ್ಬನೆಂಬುದು ಗಮನಾರ್ಹ. ಒಂದು ವಿಷಯದಲ್ಲಿ ತಪ್ಪಿದವನು ಇನ್ನೊಂದರಲ್ಲಿ ದಾರಿ ತೋರಿಸಬಲ್ಲನು.

ವರ್ಗೀಕರಣದ ಇತಿಹಾಸವೂ ಬೋಧಪ್ರದವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಜೀನ್ ಮುಲ್ಲರ್ ಲಿಪಿ ಕಲ್ಲುಹೂವುಗಳನ್ನು ಬೀಜಾಣುಗಳ ಆಧಾರದ ಮೇಲೆ ನಾಲ್ಕು ಪೆಟ್ಟಿಗೆಗಳಲ್ಲಿ ಹಂಚಿದ್ದನು. ಬಣ್ಣವಿಲ್ಲದವು ಮತ್ತು ಕಂದು ಬಣ್ಣದವು, ಅಡ್ಡಗೋಡೆ ಮಾತ್ರ ಉಳ್ಳವು ಮತ್ತು ಇಟ್ಟಿಗೆ ಕಟ್ಟಡದಂತಹವು ಎಂಬುದೇ ಆ ವಿಂಗಡಣೆ. ಲೆಕ್ಕಪತ್ರದ ಕಪಾಟಿನಂತೆ ಅಚ್ಚುಕಟ್ಟಾದ ಈ ಪದ್ಧತಿ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಆದರೆ ನಿಸರ್ಗವು ಕಪಾಟಿಗೆ ತಕ್ಕಂತೆ ನಡೆಯುವುದಿಲ್ಲ. 2002ರಲ್ಲಿ ಜರ್ಮನಿಯ ಬೆಟ್ಟೀನಾ ಸ್ಟೈಗರ್ ಫಲಕಾಯದ ಒಳರಚನೆಯನ್ನು ಮುಖ್ಯವಾಗಿಟ್ಟುಕೊಂಡು ಇಡೀ ಕುಟುಂಬವನ್ನು ಪುನರ್ವಿಂಗಡಿಸಿದರು. 2009ರಲ್ಲಿ ಪ್ರಕಟವಾದ ಜಾಗತಿಕ ಕೈಪಿಡಿಯೊಂದು ಗ್ರಾಫಿಸ್ ಜಾತಿಯಲ್ಲಿ 330 ಪ್ರಭೇದಗಳನ್ನು ಮಾನ್ಯ ಮಾಡಿತು. ಅನುವಂಶೀಯ ದ್ರವ್ಯದ ಪರೀಕ್ಷೆಗಳು ಬಂದ ಮೇಲೆ 2018ರಲ್ಲಿ ದಪ್ಪ ಗೀರುಗಳ ಅನೇಕ ಪ್ರಭೇದಗಳನ್ನು ‘ಅಲ್ಲೋಗ್ರಾಫಾ’ ಎಂಬ ಪ್ರತ್ಯೇಕ ಜಾತಿಗೆ ವರ್ಗಾಯಿಸಲಾಯಿತು. ಒಂದೇ ಮನೆಯವರೆಂದು ತಿಳಿದವರು ಎರಡು ಬೇರೆ ವಂಶದವರೆಂದು ಗೊತ್ತಾಯಿತು.

ಭಾರತದಲ್ಲಿ ಅಧ್ಯಯನ

ಭಾರತದಲ್ಲಿ ಕಲ್ಲುಹೂವುಗಳ ಆಧುನಿಕ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿದವರು ಲಖನೌದ ಡಾ. ಧರಣಿಧರ ಅವಸ್ಥಿಯವರು (1922–2011). ಬರಿಗಣ್ಣಿಗೆ ಎದ್ದು ಕಾಣುವ ದೊಡ್ಡ ಕಲ್ಲುಹೂವುಗಳಿಗೆ 1988ರಲ್ಲಿಯೂ, ಗ್ರಾಫಿಸ್‌ನಂತಹ ಹಕ್ಕಳೆ ಕಲ್ಲುಹೂವುಗಳಿಗೆ 1991ರಲ್ಲಿಯೂ ಅವರು ಗುರುತಿಸುವ ಕೈಪಿಡಿಗಳನ್ನು ಪ್ರಕಟಿಸಿದರು. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ ಇಂದಿಗೂ ಈ ಕ್ಷೇತ್ರದ ಪ್ರಮುಖ ಕೇಂದ್ರವಾಗಿದೆ.

ಇನ್ನೊಂದು ಪ್ರಮುಖ ಕೇಂದ್ರ ಪುಣೆಯಲ್ಲಿಯೇ ಇದೆ ಎಂಬುದು ಇಲ್ಲಿನ ನಾಗರಿಕರಿಗೆ ಹೆಮ್ಮೆಯ ಸಂಗತಿ. 1946ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ವಿಜ್ಞಾನ ವರ್ಧಿನಿಯ ಸಂಶೋಧನಾ ಸಂಸ್ಥೆಗೆ 1992ರಲ್ಲಿ ಅದರ ಸ್ಥಾಪಕ, ಸಸ್ಯವಿಜ್ಞಾನಿ ಶಂಕರ ಪುರುಷೋತ್ತಮ ಆಘಾರಕರ್ ಅವರ ಹೆಸರನ್ನು ಇಡಲಾಯಿತು. ಈ ಆಘಾರಕರ್ ಸಂಶೋಧನಾ ಸಂಸ್ಥೆಯಲ್ಲಿ ಪಿ. ಜಿ. ಪಟವರ್ಧನ್, ಉರ್ಮಿಳಾ ಮಖೀಜಾ ಮತ್ತು ಅವರ ಸಹೋದ್ಯೋಗಿಗಳು ಪಶ್ಚಿಮ ಘಟ್ಟಗಳ ಹಕ್ಕಳೆ ಕಲ್ಲುಹೂವುಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ಗ್ರಾಫಿಸ್ ಮತ್ತು ಅದರ ಬಂಧು ಜಾತಿಗಳಲ್ಲಿ ವಿಜ್ಞಾನಕ್ಕೆ ಹೊಸದಾದ ಅನೇಕ ಪ್ರಭೇದಗಳು ಇಲ್ಲಿಂದ ವರ್ಣಿತವಾಗಿವೆ. ಶಿಲೀಂಧ್ರಶಾಸ್ತ್ರಜ್ಞ ಅಜ್ರೇಕರ್ ಅವರ ಹೆಸರಿನ ಸಂಗ್ರಹಾಲಯದಲ್ಲಿ ಇಂತಹ ಮಾದರಿಗಳನ್ನು ಕಾಗದದ ಲಕೋಟೆಗಳಲ್ಲಿ ಕಾಪಾಡಲಾಗಿದೆ. ಒಂದೊಂದು ಲಕೋಟೆಯಲ್ಲಿಯೂ ಒಂದು ಚೂರು ತೊಗಟೆ. ಅದು ಯಾವ ಊರಿನದು, ಎಂದು ತಂದದ್ದು ಎಂಬ ವಿವರ. ಆ ಮರ ಇಂದು ನಿಂತಿದೆಯೇ ಎಂಬುದನ್ನು ಲಕೋಟೆ ಹೇಳಲಾರದು.

ಅಡಿಕೆ ತೋಟದ ತಪ್ಪು ತಿಳಿವಳಿಕೆ

ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ತೋಟಗಳಲ್ಲಿ ಅಡಿಕೆ ಮರದ ನಯವಾದ ಕಾಂಡದ ಮೇಲೆ ಬಿಳಿ, ಬೂದು, ತಿಳಿಹಸಿರು ಬಣ್ಣದ ಮಚ್ಚೆಗಳು ಸರ್ವೇಸಾಮಾನ್ಯ. ಇವುಗಳಲ್ಲಿ ಬಹುಪಾಲು ಹಕ್ಕಳೆ ಕಲ್ಲುಹೂವುಗಳು. ಹತ್ತಿರ ಹೋಗಿ ನೋಡಿದರೆ ಕೆಲವು ಮಚ್ಚೆಗಳ ಮೇಲೆ ಕಪ್ಪು ಗೀರುಗಳ ಬರವಣಿಗೆಯೂ ಕಾಣಿಸುತ್ತದೆ. ಇವು ಮರಕ್ಕೆ ತಗುಲಿದ ರೋಗವೆಂದು ಭಾವಿಸಿ ಕೆರೆದು ತೆಗೆಯುವವರೂ ಉಂಟು. ಹಾಗೆ ಮಾಡುವ ಅಗತ್ಯವಿಲ್ಲ. ಕಲ್ಲುಹೂವು ಬಂದಳಿಕೆಯಂತೆ ಪರೋಪಜೀವಿಯಲ್ಲ. ಬಂದಳಿಕೆ ತನ್ನ ಬೇರನ್ನು ಮರದ ಜೀವಂತ ಭಾಗಕ್ಕೆ ಇಳಿಸಿ ರಸವನ್ನು ಹೀರುತ್ತದೆ. ಕಲ್ಲುಹೂವಿನ ಎಳೆಗಳು ಸತ್ತ ಹೊರಪದರಗಳನ್ನು ದಾಟುವುದಿಲ್ಲ. ಅದು ಬೆಳಕಿನಿಂದ ಆಹಾರವನ್ನೂ, ಮಳೆ ಮತ್ತು ಗಾಳಿಯಿಂದ ನೀರು-ಲವಣಗಳನ್ನೂ ಪಡೆಯುತ್ತದೆ. ಮರ ಅದಕ್ಕೆ ನಿಲ್ಲಲು ಜಾಗವನ್ನು ಮಾತ್ರ ಕೊಡುತ್ತದೆ. ಸೊರಗಿದ ಮರದ ಮೇಲೆ ಕಲ್ಲುಹೂವು ಹೆಚ್ಚಾಗಿ ಕಂಡರೆ ಅದಕ್ಕೆ ಕಾರಣ ಬೇರೆ: ಎಲೆಗಳು ಕಡಿಮೆಯಾದಾಗ ಕಾಂಡಕ್ಕೆ ಬೆಳಕು ಹೆಚ್ಚು ಬೀಳುತ್ತದೆ. ಸೊರಗಿದ್ದು ಮೊದಲು, ಕಲ್ಲುಹೂವು ಹೆಚ್ಚಿದ್ದು ಅನಂತರ. ರೋಗದ ಮೂಲವನ್ನು ಬೇರು, ಮಣ್ಣು, ಸುಳಿಗಳಲ್ಲಿ ಹುಡುಕಬೇಕೇ ಹೊರತು ಈ ನಿರಪರಾಧಿಯ ಮೇಲೆ ದೋಷ ಹೊರಿಸಬಾರದು.

ಗಾಳಿಯ ಸಾಕ್ಷಿ

ಕಲ್ಲುಹೂವಿಗೆ ಬೇರಿಲ್ಲ, ಎಲೆಗಳಿಗಿರುವಂತಹ ಮೇಣದ ಹೊದಿಕೆಯೂ ಇಲ್ಲ. ಗಾಳಿಯಲ್ಲಿ, ಮಳೆಹನಿಯಲ್ಲಿ ಏನಿದೆಯೋ ಅದು ನೇರವಾಗಿ ಅದರ ದೇಹವನ್ನು ಸೇರುತ್ತದೆ. ಗಂಧಕದ ಡೈಆಕ್ಸೈಡ್‌ನಂತಹ ಅನಿಲಗಳು ಪಾಚಿಯ ಹರಿತ್ತನ್ನು ಕೆಡಿಸುತ್ತವೆ. ಲೋಹದ ಕಣಗಳು ಒಳಗೆ ಸಂಚಯವಾಗುತ್ತವೆ. ಹೀಗಾಗಿ ಕಲ್ಲುಹೂವುಗಳು ವಾಯುಮಾಲಿನ್ಯದ ಸಾಕ್ಷಿಗಳಾಗಿವೆ. ಪ್ಯಾರಿಸ್ ನಗರದ ಲಕ್ಸೆಂಬರ್ಗ್ ಉದ್ಯಾನದಲ್ಲಿ ಕಾಣುವ ಕಲ್ಲುಹೂವುಗಳು ನಗರದ ಬೇರೆಡೆ ಕಾಣುವುದಿಲ್ಲವೆಂದು 1866ರಲ್ಲಿಯೇ ಗಮನಿಸಿ, ಅವುಗಳನ್ನು ಗಾಳಿಯ ಶುದ್ಧತೆಯ ಅಳತೆಗೋಲೆಂದು ಸೂಚಿಸಿದವನೂ ಹಿಂದೆ ಹೇಳಿದ ನೈಲಾಂಡರನೇ.

ಭಾರತದಲ್ಲಿ ಈ ಬಗೆಯ ಅಧ್ಯಯನಗಳು ಹಲವು ನಗರಗಳಲ್ಲಿ ನಡೆದಿವೆ. ಬೆಂಗಳೂರು ನಗರದಲ್ಲಿ, ವಿಶೇಷವಾಗಿ ಲಾಲ್‌ಬಾಗ್ ಉದ್ಯಾನದಲ್ಲಿ, ಕಲ್ಲುಹೂವುಗಳ ಹಂಚಿಕೆಯನ್ನೂ ಅವುಗಳಲ್ಲಿ ಸೇರಿಕೊಂಡ ಭಾರಲೋಹಗಳನ್ನೂ ಕುರಿತ ಅಧ್ಯಯನವೊಂದು 2003ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾಲಿನ್ಯವನ್ನು ಸಹಿಸಬಲ್ಲ ‘ಪಿಕ್ಸಿನ್ ಕೊಕೊಯಿಸ್’ ಎಂಬ ಪುಟ್ಟ ಎಲೆಯಾಕಾರದ ಕಲ್ಲುಹೂವನ್ನು ಅನೇಕ ನಗರಗಳಲ್ಲಿ ಇಂತಹ ಪರೀಕ್ಷೆಗಳಿಗೆ ಬಳಸುತ್ತಾರೆ. ಕಾಡಿನ ನೆರಳಿಗೂ ತೇವಕ್ಕೂ ಒಗ್ಗಿಕೊಂಡ ಹಕ್ಕಳೆ ಕಲ್ಲುಹೂವುಗಳ ಸ್ಥಿತಿ ಬೇರೆ. ಕಾಡು ತೆಳುವಾಗಿ ಬಿಸಿಲು ಒಳನುಗ್ಗಿದಾಗ ಅವುಗಳಲ್ಲಿ ಅನೇಕ ಪ್ರಭೇದಗಳು ಹಿಂದೆ ಸರಿಯುತ್ತವೆ. ಬಿಸಿಲು ತಡೆಯುವ ಬೇರೆ ಪ್ರಭೇದಗಳು ಅವುಗಳ ಜಾಗವನ್ನು ಹಿಡಿಯುತ್ತವೆ. ಆದ್ದರಿಂದ ಒಂದು ಕಾಡು ಎಷ್ಟು ಹಳೆಯದು, ಎಷ್ಟು ಅಖಂಡವಾಗಿದೆ ಎಂಬುದನ್ನು ತಿಳಿಯಲು ತೊಗಟೆಯ ಮೇಲಿನ ಈ ಲಿಪಿ ಸಹಾಯ ಮಾಡುತ್ತದೆ.

ಮರ ಉರುಳಿದಾಗ

ಹಕ್ಕಳೆ ಕಲ್ಲುಹೂವನ್ನು ತೊಗಟೆಯಿಂದ ಬಿಡಿಸಲಾಗದೆಂಬ ಮಾತನ್ನು ಈಗ ನೆನಪಿಸಿಕೊಳ್ಳಬೇಕು. ಮರವನ್ನು ಕಡಿದಾಗ ಹಕ್ಕಿ ಹಾರಿಹೋಗಿ ಬೇರೆ ಮರದಲ್ಲಿ ಗೂಡು ಕಟ್ಟಬಹುದು. ಅಳಿಲು ಓಡಿಹೋಗಬಹುದು. ಗ್ರಾಫಿಸ್‌ಗೆ ಓಡುವ ದಾರಿಯಿಲ್ಲ. ಅದು ಬೆಳೆಯುವುದು ಸಾಮಾನ್ಯವಾಗಿ ವರ್ಷಕ್ಕೆ ಕೆಲವೇ ಮಿಲಿಮೀಟರು. ಅಂಗೈಯಗಲದ ಹಕ್ಕಳೆಗೆ ಹಲವು ವರ್ಷಗಳ ಇತಿಹಾಸವಿರುತ್ತದೆ. ಹೊಸ ಸಸಿ ನೆಟ್ಟ ಮಾತ್ರಕ್ಕೆ ಆ ಇತಿಹಾಸ ಮರಳಿ ಬರುವುದಿಲ್ಲ.

ಕಾನೂನಿನ ರಕ್ಷಣೆ ಇಲ್ಲವೆಂದಲ್ಲ. ನಗರಗಳ ಮರಗಳಿಗಾಗಿ ಮಹಾರಾಷ್ಟ್ರದಲ್ಲಿ 1975ರ ಕಾಯಿದೆಯೂ, ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆಯೂ ಇವೆ. 2021ರಲ್ಲಿ ಮಹಾರಾಷ್ಟ್ರದ ಕಾಯಿದೆಗೆ ತಂದ ತಿದ್ದುಪಡಿಯು ಐವತ್ತು ವರ್ಷ ಮೀರಿದ ಮರಗಳನ್ನು ಪಾರಂಪರಿಕ ವೃಕ್ಷಗಳೆಂದು ಗುರುತಿಸಿತು. ಕಡಿಯುವ ಮರದ ವಯಸ್ಸಿಗೆ ಸಮನಾದ ಸಂಖ್ಯೆಯ ಗಿಡಗಳನ್ನು ನೆಡಬೇಕೆಂಬ ತತ್ತ್ವವನ್ನೂ ಮುಂದಿಟ್ಟಿತು. ಇದು ಸ್ವಾಗತಾರ್ಹ. ಆದರೆ ಅರವತ್ತು ವರ್ಷದ ಒಂದು ಮರಕ್ಕೆ ಅರವತ್ತು ಸಸಿಗಳು ನೆರಳಿನ ಲೆಕ್ಕದಲ್ಲಿ ಒಂದು ದಿನ ಸಮನಾದರೂ, ಆ ಒಂದು ತೊಗಟೆಯ ಮೇಲಿದ್ದ ಬಾಳಿನ ಲೆಕ್ಕದಲ್ಲಿ ಸಮನಾಗಲು ಅವುಗಳಿಗೂ ಅಷ್ಟೇ ವಯಸ್ಸಾಗಬೇಕು. ಬೀಜಾಣುಗಳನ್ನು ಕಳಿಸಿಕೊಡಲು ಹತ್ತಿರದಲ್ಲಿ ಇನ್ನೊಂದು ಹಳೆಯ ಮರವೂ ಉಳಿದಿರಬೇಕು. ಆದ್ದರಿಂದ ಹಳೆಯ ಮರವನ್ನು ಉಳಿಸಿಕೊಳ್ಳುವುದು ಮೊದಲ ಕರ್ತವ್ಯ. ಹೊಸದನ್ನು ನೆಡುವುದು ಅದರ ಜೊತೆಯ ಕರ್ತವ್ಯ.

ನಾಗರಿಕರು ಮಾಡಬಹುದಾದ ಸಣ್ಣ ಕೆಲಸಗಳೂ ಇವೆ. ರಸ್ತೆಬದಿಯ ಮರಗಳ ಬುಡಕ್ಕೆ ಸುಣ್ಣ ಮತ್ತು ಕೆಮ್ಮಣ್ಣು ಬಳಿಯುವ ರೂಢಿ ಎಲ್ಲೆಡೆ ಇದೆ. ಹೆದ್ದಾರಿಯಲ್ಲಿ ರಾತ್ರಿ ವಾಹನ ಚಾಲಕರಿಗೆ ಮರ ಕಾಣಲೆಂದು ಬಳಿಯುವುದು ಅರ್ಥಪೂರ್ಣ. ಉದ್ಯಾನಗಳ ಒಳಗೆ, ವಸತಿ ಸಂಕೀರ್ಣಗಳ ಅಂಗಳದಲ್ಲಿ ಕೇವಲ ಅಂದಕ್ಕಾಗಿ ಬಳಿದಾಗ ತೊಗಟೆಯ ಮೇಲಿನ ಕಲ್ಲುಹೂವುಗಳು ಉಸಿರುಗಟ್ಟಿ ಸಾಯುತ್ತವೆ. ಅಂತಹ ಕಡೆ ಸುಣ್ಣವನ್ನು ಕೈಬಿಡಬಹುದು. 2002ರ ಜೀವವೈವಿಧ್ಯ ಕಾಯಿದೆಯ ಅಡಿಯಲ್ಲಿ ಸ್ಥಳೀಯ ಸಂಸ್ಥೆಗಳು ಜನತಾ ಜೀವವೈವಿಧ್ಯ ದಾಖಲೆಗಳನ್ನು ಸಿದ್ಧಪಡಿಸುತ್ತವೆ. ಮರ, ಹಕ್ಕಿ, ಔಷಧಿ ಸಸ್ಯಗಳ ಜೊತೆಗೆ ಊರಿನ ಹಳೆಯ ಮರಗಳ ತೊಗಟೆಯ ಮೇಲೆ ಏನಿದೆ ಎಂಬುದನ್ನೂ ಅವುಗಳಲ್ಲಿ ಬರೆಯಿಸಬಹುದು. ಶಾಲೆಯ ಮಕ್ಕಳಿಗೆ ಒಂದು ಕೈಮಸೂರ ಕೊಟ್ಟರೆ ಸಾಕು. ತೊಗಟೆಯನ್ನು ಕೀಳದೆ, ಕೆರೆಯದೆ, ನೋಡಿ ಚಿತ್ರ ಬರೆದುಕೊಳ್ಳಲು ಅವರಿಗೆ ಕಲಿಸಬೇಕು.

ಪಶ್ಚಿಮ ಘಟ್ಟಗಳ ಆಯ್ದ ತಾಣಗಳನ್ನು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪರಂಪರೆಯಲ್ಲಿ ಹುಲಿ, ಆನೆ, ಸಿಂಗಳೀಕಗಳಂತೆ ಬೆರಳಿನ ಉಗುರಿಗಿಂತ ಸಣ್ಣ ಗೀರುಗಳೂ ಸೇರಿವೆ. ರಜಾದಿನಗಳಲ್ಲಿ ಖರಾಡಿಯಿಂದ ಮಹಾಬಲೇಶ್ವರಕ್ಕೋ, ತವರಿನ ಕಡೆ ಹೋದಾಗ ಶಿರಸಿ, ತೀರ್ಥಹಳ್ಳಿ, ಮಡಿಕೇರಿಗಳಿಗೋ ಭೇಟಿ ಕೊಡುವವರು ಒಂದು ನಯವಾದ ಕಾಂಡದ ಮುಂದೆ ಎರಡು ನಿಮಿಷ ನಿಲ್ಲಬೇಕೆಂಬುದು ವಿನಂತಿ. ಬಿಳಿಯ ಮಚ್ಚೆಯೂ ಅದರ ಮೇಲೆ ಕಪ್ಪು ಗೀರುಗಳೂ ಕಂಡರೆ, ಒಂದು ಶಿಲೀಂಧ್ರವೂ ಒಂದು ಪಾಚಿಯೂ ಅನೇಕ ಮಳೆಗಾಲಗಳನ್ನು ಕೂಡಿ ಕಳೆದಿವೆ ಎಂದು ತಿಳಿಯಬಹುದು. ಅಲ್ಲಿನ ಗಾಳಿ ಇನ್ನೂ ತೇವವಾಗಿದೆ, ಮರ ಇನ್ನೂ ನಿಂತಿದೆ ಎಂಬುದಕ್ಕೆ ಅದೇ ಪ್ರಮಾಣ.